ಸ್ಪಷ್ಟನೆ: ಗಸಿ ನಿಂತ ವಿಂಟೇಜ್ ಪೋರ್ಟ್ ಕೆಟ್ಟಿಲ್ಲ

ಚಿಕ್ಕಬಳ್ಳಾಪುರದ ವೈನ್ ಪ್ರಿಯರಲ್ಲಿ ಎರಡು ಮಾತು ಹರಿದಾಡುತ್ತಿವೆ: ತಳದಲ್ಲಿ ಗಸಿ ಕಂಡರೆ ಪೋರ್ಟ್ ಎಂಬ ಸಿಹಿ ವೈನ್ ಕೆಟ್ಟಿದೆ, ಯಾವ ಪೋರ್ಟನ್ನೇ ಆಗಲಿ ಇಪ್ಪತ್ತು ವರ್ಷ ಇಟ್ಟರೆ ವಿಂಟೇಜ್ ಆಗುತ್ತದೆ. ಎರಡೂ ತಪ್ಪು.

ವಿಂಟೇಜ್ ಪೋರ್ಟ್ ಪೋರ್ಚುಗಲ್‌ನ ದೌರೊ ಕಣಿವೆಯ ಒಂದೇ ವರ್ಷದ ಬೆಳೆಯದು. ಹುದುಗುವಾಗಲೇ ದ್ರಾಕ್ಷಿಯ ಮದ್ಯಸಾರ ಬೆರೆಸುವುದರಿಂದ ಸಿಹಿ ಉಳಿಯುತ್ತದೆ, ಮದ್ಯಾಂಶ ಸುಮಾರು 20%ಕ್ಕೆ ಏರುತ್ತದೆ. ಎರಡು-ಮೂರು ವರ್ಷಕ್ಕೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಬಣ್ಣ, ಒಗರಿನ ಅಂಶಗಳು ದಶಕಗಳಲ್ಲಿ ತಳ ಸೇರುತ್ತವೆ. ಅದೇ ಗಸಿ. ಟಾನಿ ಎಂಬ ಇನ್ನೊಂದು ಬಗೆಯ ಪೋರ್ಟ್ ಪೀಪಾಯಿಯಲ್ಲೇ ಮಾಗಿ ಬರುತ್ತದೆ, ಬಾಟಲಿಯಲ್ಲಿ ಸುಧಾರಿಸದು. ಇಲ್ಲಿ ಪೋರ್ಟ್ ಎಂದೇ ಮಾರುವ, ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನನ್ನು ಬೇಗ ಕುಡಿಯುವುದೇ ಒಳ್ಳೆಯದು.

1977, 1994ರಂಥ ವರ್ಷಗಳ ವಿಂಟೇಜ್ ಪೋರ್ಟನ್ನು ಹೋಲಿಸಿ ಸವಿಯುವವರು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಅಲ್ಲಾಡಿಸಲೇಬೇಡಿ. ಹಳೆಯ ಬಿರಡೆ ಪುಡಿಯಾಗುತ್ತದೆ, ನಿಧಾನವಾಗಿ ಎಳೆಯಿರಿ. ಚೂರು ಬಿದ್ದರೆ ತೊಳೆದ ಮಲ್ಲು ಬಟ್ಟೆಯಲ್ಲಿ ಸೋಸಿ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ಕೈ ತಡೆಯದೆ ಬೇರೆ ಪಾತ್ರೆಗೆ ಬಗ್ಗಿಸಿ, ಗಸಿ ಕತ್ತಿಗೆ ಬಂದೊಡನೆ ನಿಲ್ಲಿಸಿ. ಎಲ್ಲ ಲೋಟವೂ ಒಂದೇ ಆಕಾರದ್ದಿರಲಿ, ತಲಾ 50 ಮಿ.ಲೀ. ಸಾಕು. ಕುಡಿಯುವಾಗ ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಮ್ಮ ಬೇಸಿಗೆಯ ಕೋಣೆಯ ಶಾಖದಲ್ಲಿ ಮದ್ಯದ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. ಬಹಳ ಹಳೆಯದನ್ನು ಬಗ್ಗಿಸಿ ಗಂಟೆಗಟ್ಟಲೆ ಇಡಬೇಡಿ, ಪರಿಮಳ ಹಾರಿಹೋಗುತ್ತದೆ. ತೆರೆದದ್ದನ್ನು ಒಂದೆರಡು ದಿನದಲ್ಲಿ ಮುಗಿಸಿ.