ಗುಡ್ಡಕ್ಕೂ ಒಂದು ನೋಟಿಸ್ ಕೊಟ್ಟುಬಿಡಿ

‘ಮಳೆಗಾಲ ಎದುರಿಸಲು ಸಕಲ ಸಿದ್ಧತೆ.’ ಈ ಸುದ್ದಿ ಬಂತೆಂದರೆ ಮೇ ತಿಂಗಳು ಮುಗಿಯುತ್ತ ಬಂತು ಎಂದೇ ಲೆಕ್ಕ. ಮುಂಗಾರು ಬೇಕಾದರೆ ತಡವಾದೀತು, ಇದು ಆಗುವುದಿಲ್ಲ. ಉದ್ದ ಮೇಜು, ನೀರಿನ ಬಾಟಲಿ, ಪ್ಲೇಟಿನಲ್ಲಿ ಗೋಡಂಬಿ. ಕಾಳಜಿ ಕೇಂದ್ರ ಗುರುತಿಸಿ, ಜೆಸಿಬಿ ಸಿದ್ಧವಿಡಿ, ಅಧಿಕಾರಿಗಳು ಕೇಂದ್ರಸ್ಥಾನ ಬಿಡಕೂಡದು, ಮೊಬೈಲ್ ಸ್ವಿಚ್ ಆಫ್ ಆಗಕೂಡದು. ಎಲ್ಲ ಇಲಾಖೆಯವರೂ ಹಾಜರು. ಸಭೆಗೆ ಚಕ್ಕರ್ ಹೊಡೆಯುವುದು ಗುಡ್ಡ ಒಂದೇ.

ಹೆದ್ದಾರಿಯ ಫಲಕಗಳನ್ನಾದರೂ ಮೆಚ್ಚಲೇಬೇಕು. ‘ಗುಡ್ಡ ಕುಸಿಯುವ ಸ್ಥಳ, ನಿಧಾನವಾಗಿ ಚಲಿಸಿ.’ ಯಾಕೆ ಮಾರಾಯ್ರೆ ನಿಧಾನ? ಕುಸಿಯುವುದೇ ಹೌದಾದರೆ ಅಲ್ಲಿಂದ ಓಟ ಕೀಳಬೇಕಲ್ಲವೇ? ಓಡಿದರೆ ಅತಿವೇಗಕ್ಕೆ ದಂಡ, ನಿಂತರೆ ತಲೆ ಮೇಲೆ ಧರೆ. ಬೈಕಿನವನು ಒಂದು ಕಣ್ಣು ಹೊಂಡದ ಮೇಲೆ, ಇನ್ನೊಂದು ಗುಡ್ಡದ ಮೇಲೆ ಇಡಬೇಕು. ಎದುರಿಗೆ ಬರುವ ಲಾರಿಗೆ ಮೂರನೇ ಕಣ್ಣು ಬೇಕು. ಆ ಸೌಲಭ್ಯ ಇರುವುದು ಗೋಕರ್ಣದ ಮಹಾಬಲೇಶ್ವರನಿಗೆ ಮಾತ್ರ, ಅವನು ಹೆದ್ದಾರಿಗೆ ಬರುವುದಿಲ್ಲ.

ಟೋಲ್ ಗೇಟಿನ ಸನ್ನದ್ಧತೆಯ ಬಗ್ಗೆ ಮಾತ್ರ ಯಾರೂ ಕೊಂಕು ತೆಗೆಯುವಂತಿಲ್ಲ. ರೆಡ್ ಅಲರ್ಟ್ ಇರಲಿ, ಆರೆಂಜ್ ಇರಲಿ, ಫಾಸ್ಟ್ಯಾಗ್‌ನಿಂದ ದುಡ್ಡು ಕತ್ತರಿಸುವ ಯಂತ್ರ ಮೇಲಧಿಕಾರಿಗಳ ಆದೇಶಕ್ಕೆ ಕಾದದ್ದುಂಟೇ? ವಿಪತ್ತು ನಿರ್ವಹಣೆಯನ್ನು ಅದರ ಕೈಗೇ ಕೊಟ್ಟರೆ ಹೇಗೆ?

ಉತ್ತರ ಕನ್ನಡದ ಅಂಕೋಲಾ ಬಳಿಯ ಶಿರೂರಿನದು ನಿಮಗೆ ಹೇಳಬೇಕಾಗಿಲ್ಲ. 2024ರ ಜುಲೈ 16. ರಸ್ತೆಗಾಗಿ ಮೈಸೂರುಪಾಕಿನಂತೆ ನೆಟ್ಟಗೆ ಕೊಯ್ದಿದ್ದ ಗುಡ್ಡ ಚಹಾದಂಗಡಿಯ ಸಮೇತ ಗಂಗಾವಳಿ ಹೊಳೆಗೆ ಜಾರಿತು. ಗ್ಯಾಸ್ ಟ್ಯಾಂಕರ್ ಹೊಳೆಯಲ್ಲಿ ತೇಲಿ ಹೋಯಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. 11 ಜನ ಹೋದರು. ಹೊಳೆಯ ಮಣ್ಣು ತೆಗೆಯಲು ಗೋವಾದಿಂದ ಡ್ರೆಜರ್ ಬಂದು, ಕುಸಿತದಲ್ಲಿ ಲಾರಿ ಸಮೇತ ಕಾಣೆಯಾಗಿದ್ದ ಕೇರಳದ ಹುಡುಗ, ಚಾಲಕ ಅರ್ಜುನನ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ಅಷ್ಟರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ಸೇತುವೆಯೂ ತಾನೇನು ಕಮ್ಮಿ ಎಂದು ಬಿತ್ತು. ಆ ಮೇಲೆ ಸೇತುವೆಗಳ ತಪಾಸಣೆಯ ಮಾತು ಶುರುವಾಯಿತು. ಮದುವೆ ಮುಗಿಸಿ ಜಾತಕ ನೋಡುವ ಕ್ರಮ ನಮ್ಮದು.

ನಗುವುದು ಇನ್ನು ಸಾಕು. 2009ರಲ್ಲಿ ಇದೇ ಕಾರವಾರದ ಕಡವಾಡದಲ್ಲಿ, ಝರಿವಾಡದ ಮನೆಗಳ ಮೇಲೆ ಗುಡ್ಡ ಬಿದ್ದು 19 ಜನ ಸತ್ತಿದ್ದರು. ಧರೆ ಕೊಯ್ದರೆ ಕುಸಿಯುತ್ತದೆ, ಅಡಿಕೆ ತೋಟಕ್ಕೆ ಮಣ್ಣು ತೆಗೆಯುವ ಶಿರಸಿಯ ಆಳಿಗೂ ಇದು ಗೊತ್ತು. ಮಳೆನೀರು ಹರಿದು ಹೋಗಲು ಗಟಾರ ಬೇಕು, ಧರೆಗೆ ಇಳಿಜಾರು ಬೇಕು, ಹಂತ ಬೇಕು. ಅದಕ್ಕೆ ಜಾಗ ಬೇಕು, ಜಾಗಕ್ಕೆ ದುಡ್ಡು ಬೇಕು. ಯಾಕೆ ಬಿಟ್ಟಿರಿ ಎಂದು ಕೇಳಿ ನೋಡಿ. ಇವರು ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ. ಕೊನೆಗೆ ಇಬ್ಬರೂ ಸೇರಿ ಆಕಾಶದತ್ತ ತೋರಿಸುತ್ತಾರೆ.

ಮಳೆ ಜಾಸ್ತಿಯಾಯಿತಂತೆ. ಉತ್ತರ ಕನ್ನಡದಲ್ಲಿ, ಅದೂ ಆಷಾಢದಲ್ಲಿ, ಮಳೆ ಜಾಸ್ತಿಯಾಯಿತಂತೆ!