ತೂಕ ಇಳಿದಿಲ್ಲ ಎಂದರೆ ಸಾಕೇ?

ಕ್ಯಾನ್ಸರ್‌ನ ಕಿಮೋ ಚಿಕಿತ್ಸೆಗೆ ಹೋದಾಗಲೆಲ್ಲ ರೋಗಿಯನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ತೂಕ ಇಳಿದಿಲ್ಲ ಎಂದರೆ ಮನೆಯವರಿಗೆ ಸಮಾಧಾನ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದಾಗ, ಕಾಲು ಊದಿದಾಗ ಆ ನೀರಿನ ಭಾರದಿಂದ ತೂಕ ಹಾಗೆಯೇ ಇರಬಹುದು; ತೊಡೆ ತೋಳುಗಳ ಮಾಂಸಖಂಡ ಮಾತ್ರ ಕರಗುತ್ತಿರುತ್ತದೆ. ನನ್ನ ದೊಡ್ಡಮ್ಮನಿಗೆ ಆದದ್ದು ಇದೇ. ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ, ಕಡತದಲ್ಲಿ ಮಾತ್ರ 'ತೂಕ ಸ್ಥಿರ' ಎಂದಿತ್ತು. ಎದ್ದು ನಿಲ್ಲಲು ಆಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ಅದು ಇವತ್ತಿಗೂ ನನಗೆ ನೋವಿನ ವಿಷಯ.

ಮಾಂಸಖಂಡವನ್ನು ಅಳೆಯುವುದು ಚಿಕಿತ್ಸೆಯ ಭಾಗವಾಗಲೇಬೇಕು. ಅನೇಕ ಕಿಮೋ ಔಷಧಗಳ ಪ್ರಮಾಣವನ್ನು ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುತ್ತಾರೆ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಮಾಂಸಖಂಡ ತೀರಾ ಕಡಿಮೆ ಇದ್ದರೂ ಇಬ್ಬರಿಗೂ ಅಷ್ಟೇ ಔಷಧ. ಮಾಂಸಖಂಡ ಕಡಿಮೆ ಇರುವವರಲ್ಲಿ ಅಡ್ಡಪರಿಣಾಮ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ರೋಗ ಎಷ್ಟು ಹರಡಿದೆ ಎಂದು ನೋಡಲು ಅನೇಕರಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಹೇಗೂ ಮಾಡಿಸಿರುತ್ತಾರೆ. ಅದರಲ್ಲಿ ಸೊಂಟದ ಮೂರನೇ ಕಶೇರುವಿನ (ಬೆನ್ನುಮೂಳೆಯ ಮಣಿಯ) ಮಟ್ಟದ ಒಂದೇ ಒಂದು ಚಿತ್ರದಿಂದ ಇಡೀ ದೇಹದ ಮಾಂಸಖಂಡವನ್ನು ಅಂದಾಜು ಮಾಡಬಹುದು. ರೋಗಿ ದುಡ್ಡು ಕೊಟ್ಟು ಮಾಡಿಸಿದ ಸ್ಕ್ಯಾನಿನಲ್ಲೇ ಇರುವ ಈ ಮಾಹಿತಿಯನ್ನು ಓದದೆ ಬಿಡುವುದು ಅನ್ಯಾಯ.

ಮಾಂಸಖಂಡ ಎಷ್ಟಿದೆ ಎಂಬುದರ ಜೊತೆಗೆ ಅದು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನೂ ನೋಡಬೇಕು. ಅದಕ್ಕೆ ಕೈಹಿಡಿತ ಅಳೆಯುವ ಪುಟ್ಟ ಉಪಕರಣ ಮತ್ತು ಒಂದು ಕುರ್ಚಿ ಸಾಕು. ಮಾಂಸಖಂಡದ ಸವೆತದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ಕೈಹಿಡಿತ ಗಂಡಸರಲ್ಲಿ 28 ಕೆಜಿಗಿಂತ, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆಯಿದ್ದರೆ ಬಲ ಕುಂದಿದೆ ಎಂದರ್ಥ. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಅದೂ ಎಚ್ಚರಿಕೆಯೇ. ಇವು ಮುಖ್ಯವಾಗಿ ವಯಸ್ಸಾದವರಿಗಾಗಿ ರೂಪಿಸಿದ ಅಂಕಿಗಳು. ಕ್ಯಾನ್ಸರ್ ರೋಗಿಯ ವಿಷಯದಲ್ಲಿ, ಹೋದ ತಿಂಗಳಿಗೂ ಈ ತಿಂಗಳಿಗೂ ಆದ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. "ಸರಿಯಾಗಿ ಊಟ ಮಾಡುವುದಿಲ್ಲ, ಅದಕ್ಕೇ ಹೀಗೆ" ಎಂದು ನೋಡಲು ಬಂದವರೆಲ್ಲ ರೋಗಿಯನ್ನು ಬೈಯುತ್ತಾರೆ. ದಯವಿಟ್ಟು ಬೈಯಬೇಡಿ. ಕ್ಯಾನ್ಸರ್‌ನಿಂದಾಗುವ ಈ ಸವೆತವನ್ನು ಆಹಾರವೊಂದರಿಂದಲೇ ಪೂರ್ತಿ ಹಿಮ್ಮೆಟ್ಟಿಸಲಾಗದು ಎಂದು 2011ರಲ್ಲೇ ಅಂತರರಾಷ್ಟ್ರೀಯ ತಜ್ಞರು ವ್ಯಾಖ್ಯಾನಿಸಿದ್ದಾರೆ. ಉರಿಯೂತ, ಬದಲಾದ ಚಯಾಪಚಯ ಎಲ್ಲವೂ ಸೇರಿ ದೇಹವನ್ನು ಸವೆಸುತ್ತವೆ. ಬೇಗ ಗೊತ್ತಾದರೆ ಪ್ರೋಟೀನ್ ಇರುವ ಆಹಾರ, ರೋಗಿಗೆ ತಕ್ಕ ವ್ಯಾಯಾಮ, ಫಿಸಿಯೋಥೆರಪಿಗಳಿಂದ ಒಂದಿಷ್ಟು ಬಲವನ್ನಾದರೂ ಉಳಿಸಿಕೊಳ್ಳಬಹುದು.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ: "ಇವರ ಮಾಂಸಖಂಡ ಎಷ್ಟಿದೆ? ಕೈಹಿಡಿತ ನೋಡಿದ್ದೀರಾ?" ರೋಗ ಮೂಳೆಗೆ ಹರಡಿದ್ದರೆ ಮಾತ್ರ, ಕುರ್ಚಿಯ ಪರೀಕ್ಷೆಯನ್ನು ಮನೆಯಲ್ಲಿ ನೀವಾಗಿಯೇ ಮಾಡಿಸಲು ಹೋಗಬೇಡಿ.