ಸ್ಪಷ್ಟನೆ: ಶಿವರಾತ್ರಿ ಕಳೆದರೂ ಕಾಶ್ಮೀರದ ಚಳಿ ಓಡುವುದಿಲ್ಲ

‘ಶಿವರಾತ್ರಿ ಆಯ್ತು, ಕಾಶ್ಮೀರದಲ್ಲೂ ಚಳಿ ಮುಗೀತು, ಸುಮ್ನೆ ಸ್ವೆಟರ್ ಹೊರಬೇಡಿ’ ಎಂಬ ಮೆಸೇಜ್ ಬೆಂಗಳೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಚಳಿ ‘ಶಿವಶಿವಾ’ ಎಂದು ಓಡಿಹೋಗುವುದು ನಮ್ಮ ಊರಿನ ಮಾತು, ಅಲ್ಲಿನದಲ್ಲ.

ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು, ಅಂದರೆ ಮಳೆ–ಹಿಮ ಹೊತ್ತು ತರುವ ಮಾರುತಗಳು, ಮಾರ್ಚ್‌ನಲ್ಲೂ ನಿಲ್ಲುವುದಿಲ್ಲ. ಅವು ಬಂದರೆ ಕಣಿವೆಯಲ್ಲಿ ಮಳೆ, ಬೆಟ್ಟದ ಮೇಲೆ ಹಿಮ. ಎತ್ತರದ ಲೆಕ್ಕವೂ ಇದೆ, ಅಲ್ವಾ? ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಬೆಟ್ಟದ ಮೇಲಿನ ಪ್ರವಾಸಿ ತಾಣ ಗುಲ್ಮಾರ್ಗ್ ಸುಮಾರು 2,650. ಸಾವಿರ ಮೀಟರ್ ಮೇಲೇರಿದರೆ ಸಾಮಾನ್ಯವಾಗಿ 6 ಡಿಗ್ರಿಯಷ್ಟು ತಂಪು ಜಾಸ್ತಿ.

ನಾವು ಮಾರ್ಚ್‌ನಲ್ಲಿ ಹೋಗಿದ್ದಾಗ ಬೆಳಿಗ್ಗೆ ದಾಲ್ ಸರೋವರದ ದಂಡೆಯಲ್ಲಿ ಚೆನ್ನಾಗಿ ಬಿಸಿಲಿತ್ತು. ಅಮ್ಮ ಸ್ವೆಟರ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಮಧ್ಯಾಹ್ನ ಗುಲ್ಮಾರ್ಗ್‌ನಲ್ಲಿ ಹಿಮ ಸುರಿಯತೊಡಗಿತು. ಅವರ ಕ್ಯಾನ್ವಾಸ್ ಶೂ ಹತ್ತೇ ನಿಮಿಷಕ್ಕೆ ನೆನೆದು, ಕಾಲ್ಬೆರಳು ಮರಗಟ್ಟಿದವು. ಕಾರಿನಲ್ಲಿ ಕೂತು ಉಜ್ಜುತ್ತಲೇ ಇದ್ದೆ. ಆ ಭಯ ಇನ್ನೂ ಹೋಗಿಲ್ಲ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಸ್ವೆಟರ್, ಉಣ್ಣೆ ಟೋಪಿ, ನೀರು ಇಳಿಯದ ಶೂ ಬೇಕೇ ಬೇಕು. ಮಳೆಗೆ ಗುಡ್ಡ ಕುಸಿದು ಜಮ್ಮು–ಶ್ರೀನಗರ ಹೆದ್ದಾರಿ ಬಂದ್ ಆಗುವುದೂ ಉಂಟು. ಒಂದು ದಿನ ಹೆಚ್ಚು ಇಟ್ಟುಕೊಂಡೇ ಟಿಕೆಟ್ ಮಾಡಿಸಿ.